ಹೆಪ್ಪು ಬಂದ ಬಾಗಿಲು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಕಥೆ ಶುರು ಮಾಡ್ತೀವಲ್ಲ, ಈ ಶ್ರೀಮಂತನಿಗೆ ಊರೇ ಇರಲಿಲ್ಲ ನೋಡಿ. ಊರು ಹುಡುಕ್ತಾ ಇದ್ದ. ಪಟ್ಟಣದಲ್ಲಿ ಒಮ್ಮೆ ರೋಗ ಬಂದು ಎಲ್ಲ ಬಂದ್ ಆದಾಗ ಒಳಗೆ ಹೊಕ್ಕ ಭಯ ಆಮೇಲೆ ಇಳಿದೇ ಇರಲಿಲ್ಲ. ಆಪತ್ತು ಬಂದರೂ ಬದುಕಿ ಉಳಿಯೋ ಜಾಗ ಬೇಕು ಅಂತ ತಾಲೂಕು ತಾಲೂಕು ಸುತ್ತಿದ. ಮಣ್ಣು ಹಿಸುಕಿ ನೋಡಿದ. ಬಾವಿ ನೀರು ಕುಡಿದು ನೋಡಿದ. ಹಳ್ಳ ತುಂಬಿದರೆ ನೀರು ಎಲ್ಲಿವರೆಗೆ ಬರುತ್ತೆ ಕೇಳಿದ, ಆಸ್ಪತ್ರೆ ಎಷ್ಟು ದೂರ ಕೇಳಿದ. ಎಲ್ಲ ಕೇಳಿದ. ಪಕ್ಕದ ಮನೆಯವರು ಯಾರು ಅಂತ ಮಾತ್ರ ಕೇಳಲಿಲ್ಲ.

ಕೊನೆಗೆ ಒಂದು ಹಳ್ಳಿಯ ಓಣಿಗೆ ಅಂಟಿಕೊಂಡ ದಿಬ್ಬದ ಜಾಗ ಮನಸ್ಸಿಗೆ ಹಿಡಿಸಿತು. ಮನೆ ಕಟ್ಟಿಸಿದ, ಸುತ್ತ ಎರಡಾಳೆತ್ತರದ ಗೋಡೆ ಎಬ್ಬಿಸಿದ, ಉಗ್ರಾಣದಲ್ಲಿ ಜೋಳ, ಅಕ್ಕಿ, ಬೇಳೆ ಚೀಲಗಳನ್ನ ತಾರಸಿ ಮುಟ್ಟೋ ಹಾಗೆ ಒಟ್ಟಿದ. ಹೆಂಡತಿ ಮಾತ್ರ ಊರ ಕಡೆಗೆ ಒಂದು ಸಣ್ಣ ಬಾಗಿಲು ಇಡಿಸಿ ಅಂತ ಹಟ ಹಿಡಿದಳು.

"ಕಳ್ಳರಿಗೆ ನಾವೇ ದಾರಿ ಮಾಡಿಕೊಡೋದಾ?" ಅಂದ.

"ಹಸು ಕಟ್ಟಿದೀರಿ. ಹೆಪ್ಪು ಕೆಟ್ಟರೆ ಎಲ್ಲಿಂದ ತರ್ಲಿ? ವರ್ಷದ ಹೆಪ್ಪನ್ನ ಚೀಲದಲ್ಲಿ ಕಟ್ಟಿಡೋಕಾಗುತ್ತಾ?" ಅಂದಳು.

ಮೇಸ್ತ್ರಿಯನ್ನ ಮತ್ತೆ ಕರೆಸಿದ. ಬಾಗಿಲು ಇಡಿಸಿದ. ಆ ಬಾಗಿಲಲ್ಲಿ ಪಕ್ಕದ ಮನೆಯಿಂದ ಹೆಪ್ಪಿನ ಬಟ್ಟಲು ಬರ್ತಿತ್ತು. ವಾಪಸ್ ಹೋಗುವಾಗ ಖಾಲಿ ಹೋಗ್ತಿರಲಿಲ್ಲ, ಒಂದು ಚೂರು ಬೆಲ್ಲ ಇರ್ತಿತ್ತು. ಅದನ್ನ ನೋಡಿ ಇವನು ಗೊಣಗ್ತಿದ್ದ.

ಒಂದು ಸಲ ಹೆಂಡತಿ ತವರಿಗೆ ಹೋದಳು. ಈಗಲಾದರೂ ಆ ಬಾಗಿಲಿಗೆ ಚಿಲಕ ಹಾಕ್ಬೇಕು ಅಂದುಕೊಂಡ. ಅದಕ್ಕೆ ಮುಂಚೆ ಉಗ್ರಾಣ ನೋಡಿ ಬರೋಣ ಅಂತ ಹೋಗಿ ಕೆಳಗಿನ ಒಂದು ಚೀಲ ಎಳೆದ. ಮೇಲಿನವೆಲ್ಲ ಜರಿದು ಅವನ ಮೇಲೇ ಬಿದ್ದವು. ಆಪತ್ತಿಗೆ ಅಂತ ಕೂಡಿಟ್ಟದ್ದೇ ಬಂದು ಎದೆ ಮೇಲೆ ಕೂತಿತು, ನೋಡಿ. ಫೋನು ಅಡುಗೆಮನೆಯಲ್ಲಿ. ಕೂಗಿದ. ಯಾರಿಗೆ ಕೇಳುತ್ತೆ? ಗೋಡೆ ಕಟ್ಟಿಸಿದವನು ಯಾರು? ಉಸಿರು ಸಣ್ಣದಾಗ್ತಾ ಬಂತು. ಹೆಂಡತಿ ಮುಖ ಇನ್ನು ನೋಡ್ತೀನೋ ಇಲ್ಲವೋ ಅಂತ ಕಣ್ಣು ತುಂಬಿ ಬಂತು.

ಆಗ ಸಣ್ಣ ಬಾಗಿಲು ಕಿರ್ ಅಂತು.

"ಅಣ್ಣಾರ, ಹೆಪ್ಪು ತಂದೀನ್ರಿ. ಅಕ್ಕಾರು ಹೇಳಿ ಹೋಗ್ಯಾರ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದಂತ ಲಗೂನ ಬಂದೆ. ಎಲ್ಲಿದ್ದೀರಿ?"

ಪಕ್ಕದ ಮನೆಯಾಕೆ. ನರಳಾಟ ಕೇಳಿ ಒಳಗೆ ಬಂದು ನೋಡಿದವಳೇ ಓಣಿಯವರನ್ನ ಕೂಗಿದಳು. ಓಣಿಗೆ ಓಣಿಯೇ ಬಂತು. ಚೀಲ ಎತ್ತಿದರು, ಅವನನ್ನ ಎಬ್ಬಿಸಿ ಕೂರಿಸಿದರು. ಒಂದು ಕಾಲು ಉಳುಕಿತ್ತು, ಅಷ್ಟೇ. ಬದುಕಿದೆ ಅಂತ ಗೊತ್ತಾದ ಮೇಲೆ ಮಗುವಿನ ಹಾಗೆ ಅತ್ತ.

"ಅಳಬ್ಯಾಡ್ರಿ ಅಣ್ಣಾರ. ಹಾಲು ಎಲ್ಲಿ ಇಟ್ಟೀರಿ ಹೇಳ್ರಿ, ಹೆಪ್ಪು ಹಾಕಿ ಹೋಗ್ತೀನಿ" ಅಂದಳು ಆಕೆ.

ಅಳ್ತಿದ್ದವನು ನಕ್ಕುಬಿಟ್ಟ. ಅಷ್ಟು ದಿನದ ಭಯ ಅವತ್ತು ಇಳಿಯಿತು. ಮರುದಿನ ಕುಂಟಿಕೊಂಡು ತಾನೇ ಹೋಗಿ ಬಟ್ಟಲು ಕೊಟ್ಟು ಬಂದ, ಬೆಲ್ಲ ಹಾಕಿ.

ಈಗ ನಿಮ್ಮ ಮನೆಗೆ ಬರೋಣ. ಕೂಡಿಡಬೇಡಿ ಅಂತ ನಾನು ಹೇಳಲ್ಲ. ಮಳೆಗಾಲಕ್ಕೆ ಕಾಳು ಬೇಕು, ಸೌದೆ ಬೇಕು. ಆದರೆ ಪಕ್ಕದ ಮನೆಯವರು ನಿಮ್ಮ ಬಾಗಿಲು ತಟ್ಟಿ ಎಷ್ಟು ದಿನ ಆಯ್ತು? ನೀವು ಅವರ ಬಾಗಿಲು ತಟ್ಟಿ? ಫ್ರಿಜ್ಜಲ್ಲಿ ಮೊಸರಿದೆ ಅಂತೀರಿ. ಇರಲಿ. ಇವತ್ತು ಇಲ್ಲಿಂದ ಎದ್ದು ಹೋದವರು, ದೀಪ ಹಚ್ಚೋಕೆ ಮುಂಚೆ, ಪಕ್ಕದ ಮನೆಯಲ್ಲಿ ಒಂದು ಚಮಚ ಹೆಪ್ಪು ಕೇಳಿ. ನಾಚಿಕೆ ಆಗುತ್ತೆ, ಆಗಲಿ. ನಾಳೆ ಬಟ್ಟಲು ಖಾಲಿ ಕೊಡಬೇಡಿ.