‘ನಡೀತದ’ ಅಂದ ಮಾತು

ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅನಸುಬಾಯಿಗೆ ಪಕ್ಕದವರ ಮಾತು ಮೊದಲು ಯಾವುದೋ ಟ್ರ್ಯಾಕ್ಟರಿನದು ಅನ್ನಿಸಿತು. ಗಂಡಸಿನ ಉಗುರೆಲ್ಲ ಎಣ್ಣೆಗಪ್ಪು, ಮಿಸ್ತ್ರಿ ಇರಬೇಕು. ಬಿಳಿ ಅಂಗಿಯ ಹುಡುಗಿ ಅವನನ್ನು ಮಾಮಾ ಎನ್ನುತ್ತಿದ್ದಳು.

“ಮುಳ್ಳು ಇನ್ನೂ ಹಂಗೇ ಅದ ಏನ್ರಿ ಮಾಮಾ?”

“ಗಾಜು ಬಡದ್ರ ಅಳ್ಳಾಡ್ತದ ಲುಂಬಿನಿ. ಬಿಟ್ರ ಅಲ್ಲೇ ನಿಂದರ್ತದ.”

“ವಿಮಾನ ಕೆಳಗ ಇಳದ್ರೂ ಮ್ಯಾಲೇ ಅದ ಅಂತ ತೋರಸ್ತದ. ಮಂಜಿನಾಗ ನಾ ಏನು ನಂಬಲಿ?”

ಅನಸುಬಾಯಿ ಸುಣ್ಣ ಹಚ್ಚುವುದನ್ನು ಬಿಟ್ಟು ತಿರುಗಿ ನೋಡಿದಳು. ವಿಮಾನ ಹಾರಿಸುವವಳು ಈ ಹುಡುಗಿಯೇ!

“ನಿನ್ನಿ ನಮ್ಮ ಸಾಹೇಬರಿಗಿ ಏನಂದ್ರಿ?”

“ನಡೀತದೇನು ಅಂತ ಕೇಳಿದ್ರು. ನಡೀತದ ಅಂದೆ.”

“ಮಾಮಾ!”

“ಶೆಡ್ಡಿನಿಂದ ಹೊರಗ ತರಲಿಕ್ಕ ಕೇಳ್ಯಾರ ಅಂತ ತಿಳದೆ. ಇಂಜಿನ್ ಛಲೋ ಅದ, ನೆಲದ ಮ್ಯಾಲ ನಡೀತದ. ಹಾರ್ತದ ಅಂತ ನಾ ಎಲ್ಲಿ ಅಂದೆ?”

“ಅವರು ಹಾರಸಲಿಕ್ಕೇ ಕೇಳಿದ್ರು. ನಾ ಅಂತೂ ಏರಂಗಿಲ್ಲ.”

ಅಷ್ಟರಲ್ಲಿ ಮಿಸ್ತ್ರಿಯ ಫೋನು ಬಡಿದುಕೊಂಡಿತು. ಕೇಳುತ್ತ ಕೇಳುತ್ತ ಅವನ ಮುಖ ಸುಟ್ಟ ಬದನೆಕಾಯಿಯಾಯಿತು.

“ನೀ ರಜಾದಾಗ ಇದ್ದಿ ಅಂತ ನಿನ್ನ ಬದಲಿ ದೇವಿಕಾನ ಅದೇ ವಿಮಾನಕ್ಕ ಏರಸ್ಯಾರಂತ. ಆಕಿ ಹೋದ ಮ್ಯಾಲ ಮಂಜು ಕವದದಂತ.”

“ಇಳದಾಳೇನು?”

“ಇಲ್ಲ, ಇನ್ನೂ ಮ್ಯಾಲೇ ಸುತ್ತಾಕತ್ತಾಳಂತ.”

ಕಲಬುರಗಿ ಗಾಡಿ ಬಂತು. ಇಬ್ಬರೂ ಓಡಿದರು. ಡಬ್ಬಿಯ ಬಾಗಿಲಲ್ಲಿ ನಿಂತು ಅವನು ಫೋನಿನಲ್ಲಿ ಚೀರುತ್ತಿದ್ದುದು ಗಾಡಿ ಹೊರಟ ಮೇಲೂ ಅನಸುಬಾಯಿಗೆ ಕೇಳುತ್ತಿತ್ತು:

“ಬಡೀ ಅನ್ರಿ ಆಕಿಗಿ! ಮುಳ್ಳಿನ ಗಾಜು ಬಡೀ ಅನ್ರಿ!”