ಡಬ್ಬಿಯೊಳಗೆ ಎರಡು ಕಲೇಜಿ

ಅಮೀನಗಡದ ಬಸ್‌ಸ್ಟ್ಯಾಂಡಿನಲ್ಲಿ, ೧೯೮೪ರಲ್ಲಿ ಕೇಳಿದ್ದು. ಇಳಕಲ್ಲಿನಲ್ಲಿ ಆಡು ಸಾಕುವ ಖೈರುನಬಿ ಕಲೇಜಿ, ಅಂದರೆ ಪಿತ್ತಜನಕಾಂಗ, ಇಟ್ಟಿದ್ದ ಬರ್ಫದ ಡಬ್ಬಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅವಳನ್ನು ವಿದ್ಯಾಗಿರಿಯ ಲ್ಯಾಬಿಗೆ ಕರೆದೊಯ್ಯುತ್ತಿದ್ದ ಅಲ್ಲಿನ ನೌಕರ ಶಂಕ್ರಪ್ಪನ ಕೈಯಲ್ಲೊಂದು ಪುಡಿಯ ಶೀಶೆ.

"ಅದೇನ್ರಿ, ಔಷಧಾ?"

"ಅಲ್ಲವ್ವಾ, ದನದ ಕಲೇಜಿ ಒಣಗಿಸಿದ ಪುಡಿ. ಇದರಾಗ ಸೀಸ ಎಷ್ಟೈತಿ ಅಂತ ಮೊದಲ ಗೊತ್ತೈತಿ. ಮಶೀನು ಇದನ್ನ ಬರೋಬ್ಬರಿ ಹೇಳಿದ ಮ್ಯಾಲೆನ ನಿಮ್ಮ ಆಡಿನ ಕಲೇಜಿ ಅಳೀತೇವಿ."

"ತಪ್ಪು ಹೇಳಿದ್ರ?"

"ಅದರ ಮಾತು ನಂಬಂಗಿಲ್ಲ."

"ನೂಲಿಗೆ ಬಣ್ಣ ಹಾಕಿ ಚೆಲ್ಲಿದ ಸೀಸದ ನೀರು ಕುಡಿದು ಆಡು ಸತ್ತೈತಿ ಅಂದ್ರ ನನ್ನ ಮಾತೂ ಯಾರೂ ನಂಬವಲ್ರು. ಅದಕ್ಕ ಎರಡು ಕಲೇಜಿ ತಂದೇನಿ. ಒಂದು ಸತ್ತ ಆಡಿಂದು, ಒಂದು ಕಟುಗರ ಅಂಗಡಿಯ ಚಲೋ ಆಡಿಂದು."

"ಯಾವುದು ಯಾವ ಆಡಿಂದವ್ವಾ?"

ಬಸ್ಸು ಬಂತು. ಖೈರುನಬಿ ಡಬ್ಬಿ ಎತ್ತಿಕೊಂಡು ಎದ್ದಳು.

"ನಾ ಹೇಳಂಗಿಲ್ಲ. ನಿಮ್ಮ ಮಶೀನು ಹೇಳ್ಲಿ."