ಕೆಂಪು ಬಟನ್ ಬಿಡಬೇಡ

ಕೊನೇ ಬಸ್ಸು ಹೊನ್ನವಳ್ಳಿ ದಾರಿಯ ತೋಟದ ಗೇಟಿನ ಹತ್ತಿರ ಗುರುಶಾಂತಮ್ಮನನ್ನು ಇಳಿಸಿ ಹೊರಟಾಗ ಒಂಬತ್ತೂಕಾಲು. ಇಳಿದವಳು ಅವಳೊಬ್ಬಳೇ. ಬಸ್ಸಿನ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು ಆಮೇಲೆ ಟಾರ್ಚ್ ಹಾಕಿಕೊಂಡಳು. ಎಡಗೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಹಳೇ ಟವಲು ಸುತ್ತಿದ ವಿಡಿಯೋ ಗೇಮ್ ಸೆಟ್ಟು.

ಇದು ನಮ್ಮ ಪಕ್ಕದ ತೋಟದವರಿಗೆ ಆದದ್ದು. ಎರಡು ಸಾವಿರದ ಮೂರನೇ ಇಸವಿ, ಕಾರ್ತಿಕ ಮುಗಿದಿತ್ತು. ಮಂಗಳವಾರ. ವಾರ ಯಾಕೆ ನೆನಪಿದೆ ಎಂದರೆ, ಬುಧವಾರದ ಕೊಬ್ಬರಿ ಹರಾಜಿಗೆ ಅವಳ ಗಂಡ ತೋಂಟದಾರ್ಯ ಹಿಂದಿನ ದಿನವೇ ಟೆಂಪೋದಲ್ಲಿ ಚೀಲ ಹೇರಿಕೊಂಡು ತಿಪಟೂರಿಗೆ ಹೋಗಿ ಮಂಡಿಯಲ್ಲೇ ಮಲಗುತ್ತಿದ್ದ. ಅವನು ಮನೆಯಲ್ಲಿಲ್ಲದ ದಿನ ನೋಡಿಕೊಂಡೇ ಅವಳು ಸೆಟ್ಟು ತರಲು ಹೋದದ್ದು.

ಗೇಟಿನಿಂದ ಮನೆಗೆ ತೋಟದೊಳಗೆ ಎರಡು ಫರ್ಲಾಂಗು. ಮಧ್ಯದಲ್ಲಿ ಹಳೇ ಬಾವಿ. ಬಾವಿ ಬತ್ತಿ ವರ್ಷಗಳಾಗಿದ್ದವು. ಅದರ ಪಕ್ಕ ಬೋರು, ಬೋರಿನ ಪಕ್ಕ ಪಂಪ್ ಮನೆ. ಮೂರು ತಿಂಗಳ ಹಿಂದೆ, ಶ್ರಾವಣದಲ್ಲಿ, ಅವಳ ಮಗ ಭುವನ್ ಕರೆಂಟು ಹೊಡೆದು ಸತ್ತದ್ದು ಆ ಪಂಪ್ ಮನೆಯಲ್ಲಿ. ಹದಿನಾಲ್ಕು ವರ್ಷ. ಅಂದಿನಿಂದ ಅದರ ಬಾಗಿಲು ತೆಗೆದಿರಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯನ್ನು ತೋಂಟದಾರ್ಯ ಅಂದೇ ಕಿತ್ತು ಎಸೆದಿದ್ದ. ಆಚೆ ತೋಟದ ಹನುಮಂತಯ್ಯನ ಮೋಟಾರಿನಿಂದ ನೀರು ಹಾಯಿಸಿಕೊಳ್ಳುತ್ತಿದ್ದರು.

ಅವಳು ಬಾವಿ ದಾಟುವಾಗ ಪಂಪ್ ಮನೆಯೊಳಗೆ ಸದ್ದಾಯಿತು.

ಟಕ್...

ಸ್ಟಾರ್ಟರಿನ ಬಟನ್ ಒತ್ತಿದಾಗ ಬರುವ ಸದ್ದು. ತೋಟದವರಿಗೆ ಅದು ಬೇರೆ ಯಾವ ಸದ್ದಿನ ಹಾಗೂ ಕೇಳುವುದಿಲ್ಲ. ಅದರ ಬೆನ್ನಿಗೇ ಮೋಟಾರು ಗುಂಯ್ ಎಂದು ಏಳಬೇಕು. ಗುರುಶಾಂತಮ್ಮ ನಿಂತಳು. ಹೆದರಿ ನಿಂತದ್ದಲ್ಲ, ಮೋಟಾರು ಏಳಲಿ ಎಂದು ನಿಂತದ್ದು. ಏಳಲಿಲ್ಲ. ತೆಂಗಿನ ಗರಿಗಳು ಒಂದಕ್ಕೊಂದು ತಾಗುವ ಸರಸರ ಬಿಟ್ಟರೆ ಏನೂ ಇರಲಿಲ್ಲ. ಕೊರಳ ಲಿಂಗ ಮುಟ್ಟಿಕೊಂಡು ಅವಳು ಮುಂದೆ ನಡೆದಳು.

ಸೆಟ್ಟಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಕ್ಷತ್ರಗಳ ನಡುವೆ ದಾರಿ ತಪ್ಪಿ ಅಲೆಯುವ ಒಂದು ಹಡಗಿನ ಇಂಗ್ಲಿಷ್ ಪಿಚ್ಚರುಗಳು ಒಂದರ ಹಿಂದೊಂದು ನಾಲ್ಕು ಬಂದಿದ್ದವು. ಭುವನ್ ಎರಡನ್ನು ತಿಪಟೂರಿನ ಟಾಕೀಸಿನಲ್ಲೂ ಎರಡನ್ನು ಕೇಬಲ್ಲಿನಲ್ಲೂ ನೋಡಿದ್ದ. ಆ ಪಿಚ್ಚರುಗಳದ್ದೇ ಗೇಮು. ಬಿಳಿ ಬಟ್ಟೆಯ ಕ್ಯಾಪ್ಟನ್ ಒಬ್ಬ, ಅವನ ಜೊತೆಗೆ ಕಬ್ಬಿಣದ ಮೈಯ ಯಂತ್ರದಾಳು. ಒಂದೊಂದು ಹಂತದ ಕೊನೆಯಲ್ಲೂ ಹಡಗಿನ ಒಂದು ದೊಡ್ಡ ಬಾಗಿಲು. ಆಳು ಹೊರಗಿನ ಹ್ಯಾಂಡಲ್ ಹಿಡಿದು ನಿಂತರೆ ಮಾತ್ರ ಅದು ತೆರೆದಿರುತ್ತದೆ. ಅಷ್ಟರಲ್ಲಿ ಕ್ಯಾಪ್ಟನ್ ಒಳಕ್ಕೆ ಹೋಗಬೇಕು. ಅಂದರೆ ಆಟಕ್ಕೆ ಇಬ್ಬರು ಬೇಕೇಬೇಕು. ತಂಗಿ ಇಂಪನಾ ಎಂಟು ವರ್ಷದವಳು, ರಾಕ್ಷಸ ಕಂಡರೆ ಜಾಯ್‌ಸ್ಟಿಕ್ ಎಸೆದು ಓಡುತ್ತಿದ್ದಳು. ಉಳಿದವಳು ಅಮ್ಮ.

"ನೀನೇನೂ ಆಡಬೇಡ ಕಣಮ್ಮ. ಕೆಂಪು ಬಟನ್ ಒತ್ತಿ ಹಿಡ್ಕೊ. ನಿನ್ನ ಕೈಗೆ ಅಷ್ಟೇ ಜಾಸ್ತಿ" ಎನ್ನುತ್ತಿದ್ದ.

"ಸಾರು ಬುಟ್ಟು ಬಾಗ್ಲು ಕಾಯ್ತಾ ಕೂತಿದೀನಿ ಅಂತ ನಿಮ್ಮಪ್ಪನಿಗೆ ನೀನೇ ಹೇಳು" ಎಂದು ಅವಳೂ ಅನ್ನುತ್ತಿದ್ದಳು. ಅಂದರೂ ಎರಡನೇ ಜಾಯ್‌ಸ್ಟಿಕ್ ಹಿಡಿದು ಕೂರುತ್ತಿದ್ದಳು. ಬಟನ್ ಒತ್ತಬೇಕಾದಾಗ ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕ್ಯಾಪ್ಟನ್‌ನನ್ನು ನಿಂತಲ್ಲೇ ಎರಡು ಸಲ ನೆಗೆಸುತ್ತಿದ್ದ. ಟುಯ್, ಟುಯ್. ಅದು ಅಮ್ಮನಿಗೆ ಸನ್ನೆ.

ಒಂದು ಸಲ ಅವಳು ಕೇಳಿದ್ದುಂಟು, ನನ್ನ ಆಳು ಯಾಕೋ ಯಾವಾಗಲೂ ಹೊರಗೇ ಉಳಿಯುತ್ತಾನೆ ಎಂದು.

"ಪಿಚ್ಚರಲ್ಲಿ ನಾಲ್ಕರಲ್ಲೂ ಅವನ್ನ ಬುಟ್ಟೇ ಹೋಗೋದು" ಅಂದಿದ್ದ ಭುವನ್. "ಗೇಮಲ್ಲಿ ಹಂಗಲ್ಲ ಕಣಮ್ಮ. ಕೊನೇ ಬಾಗ್ಲಿಗೆ ಒಳಗೂ ಒಂದು ಹ್ಯಾಂಡ್ಲು ಅದೆ. ನಾನು ಒಳಗೋಗಿ ಅದನ್ನ ಹಿಡ್ಕೊಂಡ್ರೆ ನೀನೂ ಬರ್ಬೌದು. ನಾನು ಬುಟ್ಟು ಹೋಗಲ್ಲ."

ಶ್ರಾವಣದ ಆ ಸಂಜೆ ಇಬ್ಬರೂ ಕೊನೇ ಬಾಗಿಲು ಮುಟ್ಟಿದ್ದರು. ಅದೇ ಮೊದಲು. ಅವಳು ಕೆಂಪು ಬಟನ್ ಒತ್ತಿ ಹಿಡಿದಿದ್ದಳು, ಬಾಗಿಲು ತೆರೆದಿತ್ತು. ಆಗ ಆಚೆ ತೋಟದಲ್ಲಿ ಮೋಟಾರು ಗುಂಯ್ ಎಂದಿತು. ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೋ ಹೇಳುವಂತಿರಲಿಲ್ಲ, ಬಂದಾಗ ಓಡಬೇಕು. ಆ ಸೆಟ್ಟಿನಲ್ಲಿ ಆಟ ನಿಲ್ಲಿಸಿ ಇಡುವ ಬಟನ್ ಕೆಟ್ಟಿತ್ತು.

"ಅಮ್ಮ, ಕೆಂಪು ಬಟನ್ ಬಿಡಬೇಡ. ಬಾಗ್ಲು ಮುಚ್ಕೊಂಡ್ರೆ ಮೊದಲಿಂದ ಆಡ್ಬೇಕು. ಮೋಟಾರ್ ಹಾಕಿ ಬಂದ್ಬುಟ್ಟೆ" ಎಂದು ಓಡಿದ. ಚಪ್ಪಲಿಯನ್ನೂ ಮೆಟ್ಟಲಿಲ್ಲ.

ಅವಳು ಹಿಡಿದೇ ಇದ್ದಳು. ಒಲೆಯ ಮೇಲೆ ಹಾಲು ಉಕ್ಕಿತು. ಸುಯ್ ಎಂದು ಒಲೆಗೆ ಸುರಿಯಿತು. ಅವಳು ಬಟನ್ ಬಿಟ್ಟು ಎದ್ದಳು. ಟಿ.ವಿ.ಯಲ್ಲಿ ಬಾಗಿಲು ದಢ್ ಎಂದು ಮುಚ್ಚಿಕೊಂಡಿತು. ಆ ಕ್ಷಣದಲ್ಲೇ ಪಂಪ್ ಮನೆ ಕಡೆಯಿಂದ ಟಕ್ ಎಂಬ ಸದ್ದು ಕೇಳಿಸಿತು, ಬಲ್ಬು ಒಮ್ಮೆ ಮಂಕಾಗಿ ಮತ್ತೆ ಉರಿಯಿತು. ಮೋಟಾರು ಏಳಲಿಲ್ಲ.

ಎರಡಕ್ಕೂ ಸಂಬಂಧವಿಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಬಲಗೈ ಹೆಬ್ಬೆರಳನ್ನು ನೋಡಿಕೊಂಡು ಕೂರುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ಮಗನನ್ನು ತೋಟದ ಮೂಲೆಯಲ್ಲೇ ಮಣ್ಣು ಮಾಡಿ ಬಂದ ದಿನ ತೋಂಟದಾರ್ಯ ಸೆಟ್ಟನ್ನು ಎತ್ತಿ ಗೋಡೆಗೆ ಹೊಡೆದ. ಈ ದರಿದ್ರದ ಆಟಕ್ಕಾಗಿ ತಾನೇ ಅವನು ಬರಿಗಾಲಲ್ಲಿ ಓಡಿದ್ದು ಎಂದು ಕೂಗಿದ. ಚೂರುಗಳನ್ನು ಅವಳು ಟವಲಿನಲ್ಲಿ ಆರಿಸಿಟ್ಟುಕೊಂಡಳು. ತಿಂಗಳ ಮೇಲೆ ತಿಪಟೂರಿನಲ್ಲಿ ಟಿ.ವಿ. ರಿಪೇರಿ ಮಾಡುವ ಇನಾಯತುಲ್ಲಾ ಸಾಬರ ಅಂಗಡಿಗೆ ಕೊಟ್ಟು ಬಂದಳು.

ಆ ಮಂಗಳವಾರ ಸಾಬರು ಸೆಟ್ಟನ್ನು ಟೇಬಲ್ಲಿನ ಮೇಲಿಟ್ಟು ಮೆಲ್ಲಗೆ ಹೇಳಿದರು. ಪೆಟ್ಟಿಗೆ ಸರಿಯಾಗಿದೆ, ಎರಡನೇ ಜಾಯ್‌ಸ್ಟಿಕ್ ಕೂಡ ಸರಿಯಾಗಿದೆ. ಒಂದನೆಯದರ ಒಳಗೆ ಏನೂ ಉಳಿದಿಲ್ಲ, ವೈರು ಕತ್ತರಿಸಿ ತೆಗೆದಿದ್ದೇನೆ, ಬೇರೆ ಸಿಗಲಿಲ್ಲ.

"ಆಟ ಶುರು ಮಾಡೋ ಬಟನ್ ಒಂದನೇದರಲ್ಲೇ ಇರೋದು ಅಮ್ಮಾ. ಎರಡನೇದೊಂದನ್ನ ಇಟ್ಕೊಂಡು ಆಡಕ್ಕಾಗಲ್ಲ. ಬರೀ ಮೊದಲನೇ ಚಿತ್ರ ಬರ್ತದೆ."

"ಚಿತ್ರ ಬಂದ್ರೆ ಸಾಕು ಸಾಬ್ರೇ" ಅಂದಳು.

ಸಾಬರು ಒಂದನೇ ಜಾಯ್‌ಸ್ಟಿಕ್ಕನ್ನು ಕೆಟ್ಟ ಸಾಮಾನಿನ ಡ್ರಾಯರಿಗೆ ಹಾಕಿ, ಉಳಿದದ್ದನ್ನು ಕಟ್ಟಿಕೊಟ್ಟರು.

ಮನೆಗೆ ಬಂದವಳು ಪಕ್ಕದ ಸಿದ್ದಮ್ಮನ ಮನೆಯಿಂದ ಇಂಪನಾಳನ್ನು ಎತ್ತಿಕೊಂಡು ಬಂದು ಚಾಪೆಯ ಮೇಲೆ ಮಲಗಿಸಿದಳು. ಹಿತ್ತಿಲ ಬಾಗಿಲ ಚಿಲಕ ಎಳೆದು ನೋಡಿದಳು. ಗಟ್ಟಿಯಾಗಿತ್ತು. ಆಮೇಲೆ ಸೆಟ್ಟನ್ನು ಟಿ.ವಿ.ಗೆ ಸಿಕ್ಕಿಸಿ ಸ್ವಿಚ್ ಹಾಕಿದಳು. ಸದ್ದು ಸಣ್ಣದು ಮಾಡಿದಳು. ಕಪ್ಪು ಆಕಾಶ, ನಕ್ಷತ್ರ, ನಿಂತ ಹಡಗು. ಕೆಳಗೆ ಎರಡು ಸಾಲು ಇಂಗ್ಲಿಷ್ ಅಕ್ಷರ: ಒಬ್ಬರು ಆಡುವುದಾದರೆ ಮೇಲಿನದು, ಇಬ್ಬರಾದರೆ ಕೆಳಗಿನದು. ಬಾಣದ ಗುರುತು ಮೇಲಿನದರ ಮುಂದೆ ಮಿನುಗುತ್ತಿತ್ತು. ಅವಳು ಎರಡನೇ ಜಾಯ್‌ಸ್ಟಿಕ್ಕನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಳು.

ತಲೆಯ ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ. ಅಲ್ಲಿ ಒಂದು ಕಾಯಿ ಲೊಟಲೊಟ ಎಂದಿತು. ನೀರು ಇಂಗಿದೆಯೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಸದ್ದು. ಇಲಿ ಇರಬೇಕು ಅಂದುಕೊಂಡಳು.

ಬೀಪ್...

ಬಾಣದ ಗುರುತು ಕೆಳಗಿನ ಸಾಲಿಗೆ ಇಳಿದಿತ್ತು.

ಅವಳು ಮಡಿಲು ನೋಡಿಕೊಂಡಳು. ಬೆರಳು ಬಟನ್ನಿನ ಮೇಲಿರಲಿಲ್ಲ. ಸೆಟ್ಟನ್ನು ನೋಡಿದಳು. ಒಂದನೇ ವೈರು ಹೊರಡಬೇಕಾದ ಕಡೆ ಬರೀ ತೂತು. ಅಷ್ಟರಲ್ಲಿ ಆಟ ಶುರುವಾಯಿತು. ಕಬ್ಬಿಣದಾಳಿನ ಪಕ್ಕದಲ್ಲಿ ಬಿಳಿ ಬಟ್ಟೆಯ ಕ್ಯಾಪ್ಟನ್ ನಿಂತಿದ್ದ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು...

ಟುಯ್, ಟುಯ್.

ಗುರುಶಾಂತಮ್ಮ ಕೆಂಪು ಬಟನ್ ಒತ್ತಿದಳು.

ಎಷ್ಟು ಹೊತ್ತು ಆಡಿದರೋ ಅವಳಿಗೆ ತಿಳಿಯದು. ಒಂದೊಂದೇ ಹಂತ ದಾಟಿತು. ಕ್ಯಾಪ್ಟನ್ ಭುವನ್ ಹೋಗುತ್ತಿದ್ದ ಹಾಗೇ ಹೋಗುತ್ತಿದ್ದ, ಏಣಿಯ ಕೊನೇ ಮೆಟ್ಟಿಲು ಬಿಟ್ಟು ಹಾರುವುದೂ ಅದೇ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೈ ಬಿಡಬಾರದಲ್ಲ. ಹೆಬ್ಬೆರಳ ಉಗುರು ಬೆಳ್ಳಗಾಗಿತ್ತು.

ಕೊನೇ ಬಾಗಿಲು ಬಂತು. ಅವಳು ಹಿಡಿದಳು. ಬಾಗಿಲು ಘರ್ರ್ ಎಂದು ತೆರೆಯಿತು. ಕ್ಯಾಪ್ಟನ್ ಒಳಗೆ ಹೋದ. ಒಳಗಿನ ಹ್ಯಾಂಡಲ್ ಹಿಡಿದು, ಅವಳ ಕಡೆಗೆ ಮುಖ ತಿರುಗಿಸಿ ನಿಂತ. ಅವಳು ಬಟನ್ ಬಿಟ್ಟಳು. ಬಾಗಿಲು ಮುಚ್ಚಲಿಲ್ಲ.

ಟುಯ್, ಟುಯ್. ಬಾ ಅನ್ನುವ ಹಾಗೆ.

ಅವಳು ಆಳನ್ನು ಒಂದು ಹೆಜ್ಜೆ ನಡೆಸಿದಳು. ಬೆನ್ನ ಹಿಂದೆ, ಹಿತ್ತಿಲ ಬಾಗಿಲಲ್ಲಿ, ಸದ್ದಾಯಿತು. ಕಿರ್ರ್... ಕಬ್ಬಿಣದ ಚಿಲಕ ಬೆರಳಗಲ ಸರಿದ ಸದ್ದು.

ಇನ್ನೊಂದು ಹೆಜ್ಜೆ. ಕಿರ್ರ್... ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಅವಳ ಕುತ್ತಿಗೆಗೆ ತಾಗಿತು. ಹಸಿ ಮಣ್ಣಿನ ವಾಸನೆ. ಅವಳಿಗೆ ಭಯವಾಗಲಿಲ್ಲ. ಅದೇ ನೋಡಿ ಭಯ ಪಡಬೇಕಾದದ್ದು. ಇನ್ನು ಮೂರು ಹೆಜ್ಜೆ ಉಳಿದಿದ್ದವು, ನಡೆದುಬಿಡೋಣ ಅನ್ನಿಸಿತ್ತು.

"ಅಮ್ಮ..."

ಇಂಪನಾ ಎದ್ದು ಕೂತಿದ್ದಳು. ಟಿ.ವಿ. ನೋಡುತ್ತಿರಲಿಲ್ಲ. ಹಿತ್ತಿಲ ಬಾಗಿಲನ್ನು ನೋಡುತ್ತಿದ್ದಳು.

"ಅಣ್ಣ ಬಾಗ್ಲು ಹಿಡ್ಕೊಂಡವ್ನೆ" ಎಂದು ಪಿಸುಗುಟ್ಟಿದಳು.

"ಮಲ್ಕೋ ಕಂದ."

ಮಗು ಮಲಗಲಿಲ್ಲ. ತೆವಳಿಕೊಂಡು ಬಂದು ಅಮ್ಮನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು.

"ನೀನು ಹೋದ್ರೆ ನಾನೂ ಬತ್ತೀನಿ" ಅಂದಳು.

ಗುರುಶಾಂತಮ್ಮ ಜಾಯ್‌ಸ್ಟಿಕ್ಕಿನಿಂದ ಬೆರಳೆತ್ತಿದಳು. ಆ ಸಣ್ಣ ಮುಷ್ಟಿಯನ್ನು ನೋಡಿದಳು. ತೆರೆದ ಬಾಗಿಲಲ್ಲಿ ಕಾಯುತ್ತಿದ್ದವನನ್ನು ನೋಡಿದಳು. ಅವನು ಮತ್ತೆ ನೆಗೆದ. ಟುಯ್, ಟುಯ್... ಟುಯ್, ಟುಯ್...

"ಭುವನಾ" ಅಂದಳು. "ನಾನು ಹೊರಗೇ ಇರ್ತೀನಪ್ಪ. ತಂಗಿ ಇಲ್ಲೇ ಅವ್ಳೆ."

ಅವಳು ಆಳನ್ನು ಹಿಂದಕ್ಕೆ ತಿರುಗಿಸಿದಳು. ಒಂದು ಹೆಜ್ಜೆ. ಇನ್ನೊಂದು. ಅದರ ಕಬ್ಬಿಣದ ಕಾಲು ಠಣ್, ಠಣ್ ಎನ್ನುತ್ತಾ ಬಾಗಿಲಿಂದ ದೂರ ದೂರ ನಡೆದು, ಪರದೆಯ ಅಂಚಿಗೆ ಹೋಗಿ ನಿಂತಿತು. ಕ್ಯಾಪ್ಟನ್ ನೆಗೆಯುವುದು ನಿಲ್ಲಿಸಿದ. ಹ್ಯಾಂಡಲ್ ಮಾತ್ರ ಬಿಡಲಿಲ್ಲ. ಬಹಳ ಹೊತ್ತು... ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ಅಷ್ಟು ಜೋರಾಗಿ ಅವಳಿಗೆ ಯಾವತ್ತೂ ಕೇಳಿಸಿರಲಿಲ್ಲ.

ಆಮೇಲೆ ಬಾಗಿಲು ದಢ್ ಎಂದು ಮುಚ್ಚಿತು. ಈ ಸಲ ಬಿಟ್ಟವಳು ಅವಳಲ್ಲ.

ಬೆಳಿಗ್ಗೆ ನೋಡಿದರೆ ಹಿತ್ತಿಲ ಚಿಲಕ ಎರಡು ಬೆರಳಗಲ ಸರಿದಿತ್ತು. ಅದನ್ನು ನಂಬದವರಿರಬಹುದು, ಹಳೇ ಚಿಲಕ ಸಡಿಲವಿದ್ದೀತು ಎನ್ನಬಹುದು. ಆದರೆ ಮಧ್ಯಾಹ್ನ ಇನಾಯತುಲ್ಲಾ ಸಾಬರು ಕರೆಯದೆಯೇ ಲೂನಾ ಹತ್ತಿ ತೋಟಕ್ಕೆ ಬಂದರು. ಅದೇ ಹೊತ್ತಿಗೆ ತೋಂಟದಾರ್ಯನೂ ಹರಾಜು ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದ. ಸಾಬರು ಒಳಕ್ಕೆ ಬರಲಿಲ್ಲ. ಪೇಪರಿನಲ್ಲಿ ಸುತ್ತಿದ್ದನ್ನು ಜಗಲಿಯ ಮೇಲಿಟ್ಟರು. ಬೆಳಿಗ್ಗೆ ಬೀಗ ತೆಗೆದು ಶಟರ್ ಎತ್ತಿದೆ, ಡ್ರಾಯರಿಗೆ ಹಾಕಿದ್ದು ಟೇಬಲ್ಲಿನ ಮೇಲಿತ್ತು, ನನ್ನ ಅಂಗಡಿಯಲ್ಲಿ ಮಣ್ಣು ಎಲ್ಲಿಂದ ಬರಬೇಕು, ಸಿಮೆಂಟ್ ನೆಲ, ಅಂದರು. ಚಹಾ ಕುಡಿಯದೆ ಹೊರಟುಹೋದರು.

ಒಂದನೇ ಜಾಯ್‌ಸ್ಟಿಕ್. ವೈರಿಲ್ಲ. ಬಟನ್ನುಗಳ ಮೇಲೆ ಒದ್ದೆ ಕೆಮ್ಮಣ್ಣು. ಹೆಬ್ಬೆರಳ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು.

ತೋಂಟದಾರ್ಯ ಅದನ್ನು ಬಹಳ ಹೊತ್ತು ನೋಡಿದ. ಎಸೆಯಲಿಲ್ಲ. ತಾನೇ ಏಣಿ ಇಟ್ಟು ಅಟ್ಟ ಹತ್ತಿ, ಕಾಯಿಗಳ ಪಕ್ಕದಲ್ಲಿ ಜಾಗ ಮಾಡಿ ಇಟ್ಟು ಇಳಿದ.

ಈಗಲೂ ಅಲ್ಲೇ ಇದೆ. ಹನ್ನೊಂದು ತಿಂಗಳಿಗೆ ಕಾಯೊಳಗಿನ ನೀರೇ ಇಂಗಿಹೋಗುವ ಅಟ್ಟ ಅದು. ಕೆಳಗೆ ಒಲೆಯ ಬಿಸಿ, ಮೇಲೆ ಹೆಂಚಿನ ಬಿಸಿ. ಅನುಮಾನವಿದ್ದವರು ಹೋಗಿ ಕೇಳಿದರೆ ಗುರುಶಾಂತಮ್ಮ ಏಣಿ ಹಾಕಿ ಕೊಡುತ್ತಾಳೆ. ಮುಟ್ಟಿ ನೋಡಿದವರು ನಮ್ಮೂರಲ್ಲಿ ಒಬ್ಬಿಬ್ಬರಲ್ಲ.

ಆ ಮಣ್ಣು ಇನ್ನೂ ಬೆರಳಿಗೆ ಅಂಟುತ್ತದೆ.